ವಿಮಾನದ ಹೊಟ್ಟೆಗೆ ಬೆಳಕಿನ ಅಳತೆ

ಹಾರುವ ವಿಮಾನದ ಫೋಟೋ ಹೊಡೆಯುವುದೆಂದರೆ ಬೆಳಕಿನ ಜೊತೆ ಜಗಳ ಎಂದು ನನ್ನ ಮೈದುನ ಹೇಳುತ್ತಿದ್ದ. ಅವನದು ಫೋಟೋ ಸ್ಟುಡಿಯೋ. ವಾರವೆಲ್ಲ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ಹೊಡೆದು ಹೊಡೆದು ಸಾಕಾಗಿ, ಭಾನುವಾರ ಬೆಳಗಾಯಿತೆಂದರೆ ಅಂಗಡಿಗೆ ಬೀಗ ಹಾಕಿ ಊರಾಚೆಯ ಹಾರಾಟದ ಮೈದಾನಕ್ಕೆ ಹೊರಟುಬಿಡುವನು. ಅವನ ಹಿಂದೆ ಚಹಾದ ಫ್ಲಾಸ್ಕು ಹಿಡಿದುಕೊಂಡು ನಾನು. ನನ್ನ ಗಂಡ ಹೋದ ಮೇಲೆ, ಅವನ ಹೆಂಡತಿಯೂ ಹೋದ ಮೇಲೆ, ಒಂದೇ ಮನೆಯಲ್ಲಿ ಉಳಿದವರು ನಾವಿಬ್ಬರು ಮತ್ತು ಅವನ ಮಗಳು.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರು ಇರುತ್ತದೆ. ಅದು ಅಳೆಯುವ ರೀತಿ ಮೂರು: ಮ್ಯಾಟ್ರಿಕ್ಸ್, ಸೆಂಟರ್, ಸ್ಪಾಟ್. ಯಾವುದಕ್ಕೆ ಯಾವಾಗ ಇಡಬೇಕು ಎಂಬುದೇ ಅವನ ಭಾನುವಾರದ ತಲೆನೋವು. ನನ್ನ ತಲೆಗೆ ಅದು ಹತ್ತದಿದ್ದಾಗ ಮನೆಯ ಮಾತಿನಲ್ಲಿ ಬಿಡಿಸಿ ಹೇಳಿದ.

"ಮನೇಲಿ ಮದುವೆ ಮಾತುಕತೆ ನಡೀತಿದೆ ಅಂದ್ಕೊಳ್ಳಿ ಅತ್ತಿಗೆ. ಮ್ಯಾಟ್ರಿಕ್ಸ್ ಅಂದ್ರೆ ಮನೆಮಂದಿನೆಲ್ಲ ಕೂರಿಸಿ ಕೇಳೋದು. ಸೆಂಟರ್ ಅಂದ್ರೆ ಎಲ್ಲರನ್ನೂ ಕೇಳಿದ ಹಾಗೆ ಮಾಡಿ, ನಡುವೆ ಕೂತ ಹಿರಿಯರ ಮಾತಿಗೆ ತೂಕ ಕೊಡೋದು. ಸ್ಪಾಟ್ ಅಂದ್ರೆ ಹುಡುಗಿ ಒಬ್ಬಳನ್ನೇ ಒಳಗೆ ಕರೆದು ಕೇಳೋದು."

"ಹುಡುಗೀನ ಕೇಳೋದೇ ಸರಿ ತಾನೆ?"

"ಸರಿಯೇ. ಆದ್ರೆ ಅವಸರದಲ್ಲಿ ಹುಡುಗಿ ಬದಲು ಪಕ್ಕದ ಮನೆಯವಳನ್ನ ಕರೆದುಬಿಟ್ರೆ ಮುಗೀತು ಕಥೆ."

ವಿಮಾನ ಎಷ್ಟು ದೊಡ್ಡದಾದರೂ ಆಕಾಶದ ಮುಂದೆ ನೊಣ. ಮನೆಮಂದಿಯನ್ನೆಲ್ಲ ಕೇಳಿದರೆ ಆಕಾಶದ್ದೇ ಬಹುಮತ. ಆಕಾಶ ಬೆಳ್ಳಗೆ ಹೊಳೆಯುತ್ತದೆ, ಮೀಟರು ಹೆದರಿ ಬೆಳಕು ಕಡಿಮೆ ಮಾಡುತ್ತದೆ, ಪಾಪದ ವಿಮಾನ ಕಾಗೆಯಂತೆ ಕಪ್ಪಾಗಿ ಬೀಳುತ್ತದೆ. ಸ್ಪಾಟ್ ಇಟ್ಟರೆ ವಿಮಾನ ಚೆನ್ನಾಗಿ ಬರುತ್ತದೆ, ಆದರೆ ಬೆಳಕು ಅಳೆಯುವ ನಡುವಿನ ಚುಕ್ಕೆ ವಿಮಾನದ ಮೈ ಮೇಲೆ ಕೂತೇ ಇರಬೇಕು. ಒಂದು ಗೇಣು ಜಾರಿ ಮೋಡದ ಮೇಲೆ ಬಿತ್ತೋ, ಮತ್ತೆ ಕಾಗೆ. ಚಕ್ರದ ಕರಿ ಟೈರಿನ ಮೇಲೆ ಬಿತ್ತೋ, ಇಡೀ ಚಿತ್ರ ಹಾಲು ಚೆಲ್ಲಿದ ಹಾಗೆ.

ಪ್ರಾಯದಲ್ಲಿ ಮೈದುನ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಚುಕ್ಕೆ ಕೂರಿಸುತ್ತಿದ್ದ. ಆ ವರ್ಷ ಅವನ ಕಣ್ಣು ಕೈಕೊಟ್ಟಿತ್ತು. ಸುತ್ತಲಿನದೆಲ್ಲ ಕಾಣುತ್ತದೆ, ನೆಟ್ಟಗೆ ನೋಡಿದ್ದು ಮಾತ್ರ ಕಾಣುವುದಿಲ್ಲ, ನಡುವೆ ಹೊಗೆಯ ಉಂಡೆ. ಅನ್ನ ಕಲಸುವಾಗ ತಟ್ಟೆಯ ಅಂಚು ಕಾಣುತ್ತದೆ, ಅನ್ನ ಕಾಣದು. ಇನ್ನು ಸರಿಹೋಗುವುದಲ್ಲ, ಇದ್ದಷ್ಟು ಉಳಿಸಿಕೊಳ್ಳಿ ಎಂದು ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದರು. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ.

"ಮೊಂಡಿಗೆ ಹೇಳ್ಬೇಡಿ ಅತ್ತಿಗೆ. ಗೊತ್ತಾದ್ರೆ ಕ್ಯಾಮೆರಾ ಕಿತ್ಕೊಂಡು ಕೈಗೆ ಕೋಲು ಕೊಡ್ತಾಳೆ."

ಮೊಂಡಿ ಅಂದರೆ ಅವನ ಮಗಳು. ಹೆತ್ತವಳು ಹೋದಾಗ ಅದಕ್ಕೆ ಇನ್ನೂ ಹಲ್ಲು ಬಂದಿರಲಿಲ್ಲ. ನನ್ನ ಮಡಿಲಲ್ಲೇ ಬೆಳೆಯಿತು. ಬಲಗಾಲಿನ ಚಪ್ಪಲಿ ಎಡಗಾಲಿಗೆ ಹಾಕಿಕೊಂಡು, ಇದೇ ಸರಿ ಎಂದು ದಿನವಿಡೀ ನಡೆದ ಮಗು ಅದು. ಆ ಹೆಸರು ಇಟ್ಟದ್ದು ನಾನೇ. ದೊಡ್ಡವಳಾಗಿ ಅದೇ ಮೈದಾನದಲ್ಲಿ ವಿಮಾನ ಹಾರಿಸಲು ಕಲಿತು, ಆಮೇಲೆ ಕಲಿಸಲು ನಿಂತಳು. ರಿಪೇರಿಯಾದ ವಿಮಾನವನ್ನು ಮೊದಲು ಏರಿ ನೋಡುವವಳೂ ಅವಳೇ. ಮೈದುನನ ಭಾನುವಾರದ ಹುಚ್ಚೆಲ್ಲ ಅವಳಿಗಾಗಿಯೇ. ನಾನು ಅವನ ಬೆನ್ನ ಹಿಂದೆ ನಿಂತು "ಎಡಕ್ಕೆ, ಇನ್ನೂ ಎಡಕ್ಕೆ, ಮೇಲೆ" ಎನ್ನುತ್ತಿದ್ದೆ, ಅವನು ಮ್ಯಾಟ್ರಿಕ್ಸಿಗೇ ಇಟ್ಟುಕೊಂಡು, ಬೆಳಕು ಹೆಚ್ಚಿಸುವ ಗುಂಡಿಯನ್ನು ಅಂದಾಜಿನಲ್ಲಿ ತಿರುಗಿಸಿ ಹೊಡೆಯುತ್ತಿದ್ದ. ಚುಕ್ಕೆಯ ಸಹವಾಸ ಬಿಟ್ಟಿದ್ದ.

ಆ ಭಾನುವಾರ ಆಕಾಶದ ತುಂಬ ಬಿಳಿ ಮೋಡ. ನಾವು ಬೇಲಿಯ ಪಕ್ಕ ನಿಂತಿದ್ದೆವು. ಶೆಡ್ಡಿನ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ. ಅವನನ್ನು ಎಲ್ಲರೂ ಗ್ರೀಸಣ್ಣ ಎನ್ನುತ್ತಿದ್ದರು. ಗಂಟೆಗಟ್ಟಲೆ ಸೋಪು ಹಚ್ಚಿದರೂ ಹೋಗದ ಕಪ್ಪು ಅವನ ಉಗುರಲ್ಲಿತ್ತು.

"ಏನ್ ಸ್ಟುಡಿಯೋ ಯಜಮಾನ್ರೆ, ಲೆನ್ಸ್ ಇನ್ನೂ ಉದ್ದ ಆಗಿದೆ? ಮೂಗಿಗಿಂತ ಮೂಗುತಿ ಭಾರ."

"ನಿನ್ನ ಸ್ಪ್ಯಾನರ್ ನೋಡ್ಕೋ ಹೋಗು. ಹೋದ ವಾರ ಫೋಟೋ ಕಪ್ಪಗೆ ಬಂತು, ಬೆಳಕು ಸರಿ ಇರ್ಲಿಲ್ಲ."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ."

ನಾನು ನಕ್ಕೆ. ಮೈದುನನೂ ನಕ್ಕ. ಮೇಲೆ ಮೊಂಡಿ ಹಾರಿಸುತ್ತಿದ್ದುದು ಬಿಳಿ ಬಣ್ಣದ ಚಿಕ್ಕ ವಿಮಾನ, ಹಾರುವಾಗ ಚಕ್ರಗಳನ್ನು ಹೊಟ್ಟೆಯೊಳಗೆ ಮಡಚಿಕೊಳ್ಳುವ ಜಾತಿಯದು. ಅದರ ಕಾಲುಗಳನ್ನು ಬಿಚ್ಚಿ ಜೋಡಿಸಿದವನು ಗ್ರೀಸಣ್ಣನೇ. ಒಂದು ಸುತ್ತು ಹಾಕಿ ಇಳಿಯುವ ಹಾರಾಟ ಎಂದು ಪೆಟ್ರೋಲನ್ನೂ ಸ್ವಲ್ಪವೇ ತುಂಬಿದ್ದರು.

ವಿಮಾನ ಇಳಿಯಲು ಬಂತು. ನೆಲ ಇನ್ನೇನು ಮುಟ್ಟಬೇಕು, ಗರ್ರೆಂದು ಮೇಲೆದ್ದು ಹೋಯಿತು. ಗ್ರೀಸಣ್ಣನ ಸೊಂಟದ ವಾಕಿಟಾಕಿ ಗೊರಗುಟ್ಟಿತು. ಅವನ ಮುಖದ ನಗು ಎಲ್ಲಿ ಹೋಯಿತೋ.

"ಏನಾಯ್ತಪ್ಪ?" ಅಂದೆ.

"ಒಂದು ಚಕ್ರದ ಹಸಿರು ದೀಪ ಹತ್ತಿಲ್ವಂತೆ ಅಮ್ಮ. ಕಾಲು ಇಳಿದಿದೆ. ಆದ್ರೆ ಬೀಗ ಬಿದ್ದಿದೆಯೋ ಇಲ್ವೋ ಗೊತ್ತಿಲ್ಲ."

ಮೊಣಕಾಲು ಇದ್ದ ಹಾಗೆ ಅದಕ್ಕೊಂದು ಕೊಂಡಿ ಇರುತ್ತದೆ ಎಂದು ಅವನು ತನ್ನ ಕಾಲನ್ನೇ ಮಡಚಿ ತೋರಿಸಿದ. ಕೊಂಡಿ ನೆಟ್ಟಗಿದ್ದರೆ ಭಾರ ತಡೆಯುತ್ತದೆ. ಚೂರು ಮಡಚಿದ್ದರೂ ನೆಲ ತಾಗಿದ ಕೂಡಲೇ ಕುಸಿಯುತ್ತದೆ. ನೆಟ್ಟಗಿದೆ ಎಂದು ಗೊತ್ತಾದರೆ ಚಕ್ರದ ಮೇಲೆ ಇಳಿಸಬಹುದು. ಮಡಚಿದೆ ಎಂದು ಗೊತ್ತಾದರೆ ಎಲ್ಲ ಚಕ್ರಗಳನ್ನೂ ಒಳಗೆಳೆದುಕೊಂಡು ಹುಲ್ಲಿನ ಮೇಲೆ ಹೊಟ್ಟೆಯಲ್ಲೇ ಜಾರಿಸಬೇಕು. ಯಾವುದೆಂದು ಗೊತ್ತಾಗದಿದ್ದರೆ?

"ಟವರಿನವರು ದುರ್ಬೀನಿನಲ್ಲಿ ನೋಡಿದ್ರಂತೆ, ಹೊಟ್ಟೆಯೆಲ್ಲ ನೆರಳು, ಹಿಂದೆ ಮೋಡದ ಬೆಳಕು, ಏನೂ ಕಾಣಲ್ಲ. ಯಜಮಾನ್ರೆ, ನಿಮ್ಮ ಲೆನ್ಸಲ್ಲಿ ಹೊಡೀರಿ. ತಗ್ಗಿ ಒಂದು ಸಲ ಮೇಲೆ ಹಾದು ಹೋಗೋಕೆ ಹೇಳ್ತೀನಿ. ದೊಡ್ಡದು ಮಾಡಿ ನೋಡಿದ್ರೆ ಕೊಂಡಿ ಕಾಣುತ್ತೆ."

ಮೈದುನ ನನ್ನ ಕಡೆ ತಿರುಗಿದ. ಆಮೇಲೆ ಕ್ಯಾಮೆರಾವನ್ನು ಗ್ರೀಸಣ್ಣನ ಕಡೆ ಚಾಚಿದ. "ಗ್ರೀಸಣ್ಣ, ನೀನು ಹೊಡಿ. ನಾನು ಹೇಳ್ಕೊಡ್ತೀನಿ."

"ತಮಾಷೆ ಮಾಡ್ಬೇಡಿ. ಓಡೋ ವಿಮಾನದ ಹಿಂದೆ ಈ ಫಿರಂಗೀನ ತಿರುಗಿಸೋಕೆ ನನ್ನ ಕೈಗೆ ಬರುತ್ತಾ?"

ಅವನು ಕೈಗೆತ್ತಿಕೊಂಡು ನೋಡಿದ, ದೂರದ ಕಂಬವನ್ನೇ ಹಿಡಿಯಲಾಗಲಿಲ್ಲ. ತಿರುಗಿ ಕೊಟ್ಟುಬಿಟ್ಟ. ಇವನ ಕಣ್ಣಿಗೆ ನಡುವಿನದು ಕಾಣುವುದಿಲ್ಲಪ್ಪ ಎಂದು ನಾನು ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಏನಾಗುತ್ತದೆ? ಬೇರೆ ಯಾರಿದ್ದಾರೆ? ಬೇಲಿಯುದ್ದಕ್ಕೂ ನೋಡಿದೆ. ಹುಲ್ಲು, ಗಾಳಿಚೀಲ, ನಾವು ಮೂವರು. ಬಾಯಿ ಮುಚ್ಚಿಕೊಂಡೆ.

ಮೊದಲ ಸಲ ಅವನು ಮ್ಯಾಟ್ರಿಕ್ಸಿನಲ್ಲೇ ಹೊಡೆದ. ಬೆಳಕು ಹೆಚ್ಚಿಸುವ ಗುಂಡಿಯನ್ನು ಹೋಗುವಷ್ಟು ದೂರ ತಿರುಗಿಸಿದ್ದ. ವಿಮಾನ ನಮ್ಮ ತಲೆಯ ಮೇಲೆ ಬರುವ ಹೊತ್ತಿಗೇ ಮೋಡ ಬಿರಿದು ಸೂರ್ಯ ಹೊರಗೆ ಬಿದ್ದ. ಕಟಕಟನೆ ಹೊಡೆದದ್ದೆಲ್ಲ ಕಪ್ಪು. ಗ್ರೀಸಣ್ಣ ಪುಟ್ಟ ಪರದೆಯ ಮೇಲೆ ಕೈ ಮರೆಮಾಡಿ ನೋಡಿ, "ಇದರಲ್ಲಿ ಕಾಲು ಯಾವುದು, ರೆಕ್ಕೆ ಯಾವುದು?" ಎಂದ.

"ಸ್ಪಾಟ್ ಇಡ್ಬೇಕು," ಎಂದ ಮೈದುನ. ನನಗೆ ಮಾತ್ರ ಕೇಳುವ ಹಾಗೆ, "ಅತ್ತಿಗೆ, ಭುಜ ಹಿಡ್ಕೊಳ್ಳಿ. ನೀವೇ ತಿರುಗಿಸಿ," ಎಂದ.

ಎರಡನೆಯ ಸಲ ಅವನ ಎರಡೂ ಭುಜ ಹಿಡಿದು ನಾನೇ ತಿರುಗಿಸಿದೆ. ಎತ್ತಿನ ಗಾಡಿ ತಿರುಗಿಸಿದಂತೆ. ಕಾಣುವವಳು ನಾನು, ಕ್ಯಾಮೆರಾ ಅವನ ಕಣ್ಣಿಗೆ. ಅವನ ಚುಕ್ಕೆ ಎಲ್ಲಿ ಕೂತಿದೆ ಎಂದು ನನಗೆ ಹೇಗೆ ತಿಳಿಯಬೇಕು? ವಿಮಾನ ದಾಟಿ ಹೋಯಿತು. ನೋಡಿದರೆ ಕೆಲವು ಕಪ್ಪು, ಒಂದು ಬೆಳ್ಳಗೆ ಹಾಲು. ಆ ಬಿಳುಪಿನಲ್ಲಿ ಟೈರು ಮಾತ್ರ ಬೂದುಬಣ್ಣಕ್ಕೆ ಕಾಣುತ್ತಿತ್ತು.

"ಪಕ್ಕದ ಮನೆಯವಳನ್ನ ಕರೆದ್ವಿ," ಎಂದು ಮೈದುನ ಗೊಣಗಿದ. ಗ್ರೀಸಣ್ಣನಿಗೆ ಅರ್ಥವಾಗಲಿಲ್ಲ. ನಾನು ಈ ಸಲ ನಗಲಿಲ್ಲ.

ವಾಕಿಟಾಕಿಯಲ್ಲಿ ಮೊಂಡಿಯ ದನಿ ಬಂತು. ಬಸ್ಸಿಗೆ ಕಾಯುತ್ತಿರುವವಳ ಹಾಗೆ ಮಾತಾಡುತ್ತಿದ್ದಳು. "ಏನಂತೆ ಅಪ್ಪಂಗೆ? ಪಾಸ್‌ಪೋರ್ಟ್ ಫೋಟೋ ಥರ ಗಲ್ಲ ಮೇಲೆತ್ತಿ ಅಂತಾನಾ? ದೊಡ್ಡಮ್ಮಂಗೆ ಹೇಳಿ, ಬಿಸಿಲಲ್ಲಿ ನಿಂತ್ಕೋಬೇಡಿ ಅಂತ."

"ಪೆಟ್ರೋಲ್ ಎಷ್ಟಿದೆ ಕೇಳು," ಎಂದ ಮೈದುನ.

ಗ್ರೀಸಣ್ಣ ಕೇಳಿದ. ಮೊಂಡಿ ಪೆಟ್ರೋಲಿನ ಮುಳ್ಳು ನೋಡಿ ಹೇಳಿದಳು, "ಇನ್ನೆರಡು ಸುತ್ತು ಆಗ್ಬಹುದು. ಜಾಸ್ತಿ ಆಸೆ ಪಡ್ಬೇಡಿ."

ಮೂರನೆಯ ಸುತ್ತು ಹಾಳಾದದ್ದು ಒಳ್ಳೆಯವರಿಂದ. ಟವರಿನಲ್ಲಿ ಕೂತವನಿಗೆ ಫೋಟೋ ಕಪ್ಪಾಗಿ ಬರುತ್ತಿದೆ ಎಂದಷ್ಟೇ ತಿಳಿದಿತ್ತು. ಕತ್ತಲಾದರೆ ದೀಪ ಹಚ್ಚಬೇಕಲ್ಲ! ಇಳಿಯುವಾಗ ಹಾಕುವ ದೊಡ್ಡ ದೀಪ ಹಾಕಿಕೋ ಎಂದು ಮೊಂಡಿಗೆ ಹೇಳಿಬಿಟ್ಟ. ಅವಳೂ ಹಾಕಿದಳು. ವಿಮಾನ ಹತ್ತಿರ ಬರುತ್ತಿದ್ದಂತೆ ಅದರ ಕೆಳಗೆ ಮತ್ತೊಂದು ಸೂರ್ಯ. ಸ್ಪಾಟಿನ ಚುಕ್ಕೆ ಹೋಗಿ ಆ ದೀಪದ ಮೇಲೇ ಕೂತಿತು. ಪರದೆಯಲ್ಲಿ ನೋಡಿದರೆ ಅಮಾವಾಸ್ಯೆ, ನಡುವೆ ಒಂದು ನಕ್ಷತ್ರ.

"ಯಾರ್ ಹೇಳಿದ್ದು ದೀಪ ಹಾಕು ಅಂತ!" ಮೈದುನ ಕೂಗಿದ. ಎಂದೂ ದನಿ ಎತ್ತದವನು. "ನೆರಳಲ್ಲಿರೋದನ್ನ ನೋಡ್ಬೇಕು ನಾನು, ದೀಪ ಅಲ್ಲ! ಬುದ್ಧಿ ಇದೆಯೇನ್ರೋ ನಿಮಗೆ!"

ಟವರಿನವನು ಅತ್ತ ಕಡೆಯಿಂದ "ಸಹಾಯ ಆಗ್ಲಿ ಅಂತ ಸಾರ್," ಎಂದ. ಅಳುವ ದನಿ. ಯಾರನ್ನು ಬಯ್ಯುವುದು? ಎಲ್ಲರೂ ಸಹಾಯವನ್ನೇ ಮಾಡುತ್ತಿದ್ದೆವು.

ಮೈದುನ ಹುಲ್ಲಿನ ಮೇಲೆ ಕೂತುಬಿಟ್ಟ. ನಾನು ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಟ್ಟೆ. ಅವನು ಕುಡಿಯಲಿಲ್ಲ, ಬಟ್ಟಲು ಹಿಡಿದುಕೊಂಡು ಬೇಲಿಯ ಕಡೆ ನೋಡುತ್ತಿದ್ದ. ಅಲ್ಲಿ ಒಳಗೆ ಬರಬಾರದೆಂದು ಬರೆದ ತಗಡಿನ ಬೋರ್ಡು ನೇತಾಡುತ್ತಿತ್ತು. ಅದರ ಹಿಂಬದಿ ಬರೀ ಬಿಳಿ ಬಣ್ಣ.

"ಗ್ರೀಸಣ್ಣ, ಅದನ್ನ ಕಿತ್ಕೊಂಡು ಬಾ."

"ಬೋರ್ಡನ್ನಾ?"

"ಬಾರೋ ಬೇಗ!"

ಗ್ರೀಸಣ್ಣ ತಂತಿ ಸಮೇತ ಕಿತ್ತು ತಂದ. ಬಿಳಿ ಮೈ ಕೆಳಗೆ ಮಾಡಿ ಅದನ್ನು ತಲೆಯ ಮೇಲೆ ಅಡ್ಡಲಾಗಿ ಹಿಡಿಯಲು ಮೈದುನ ಹೇಳಿದ. ಒಂದು ಕಡೆ ಗ್ರೀಸಣ್ಣ, ಇನ್ನೊಂದು ಕಡೆ ನಾನು, ಚಪ್ಪರ ಹೊತ್ತವರ ಹಾಗೆ ನಿಂತೆವು. ಮೈದುನ ನಮ್ಮಿಬ್ಬರ ನಡುವೆ ಅಂಗಾತ ಮಲಗಿ ಕ್ಯಾಮೆರಾ ಮೇಲಕ್ಕೆ ಮಾಡಿದ.

"ವಿಮಾನದ ಹೊಟ್ಟೇನೂ ಬಿಳಿ, ಇದೂ ಬಿಳಿ. ಅದರ ಮೇಲೆ ಬಿಸಿಲು, ಇದರ ಮೇಲೂ ಬಿಸಿಲು. ಅದಕ್ಕೆ ಹುಲ್ಲಿಂದ ಎಷ್ಟು ಬೆಳಕು ಎಗರುತ್ತೋ ಇದಕ್ಕೂ ಹೆಚ್ಚುಕಮ್ಮಿ ಅಷ್ಟೇ. ಇದನ್ನ ಅಳೆದು, ಅಳತೆ ಅಲ್ಲೇ ಕಟ್ಟಿಹಾಕಿಬಿಡ್ತೀನಿ. ಆಮೇಲೆ ಮೀಟರ್ ಯಾರ ಮಾತೂ ಕೇಳಲ್ಲ."

ಬೋರ್ಡು ಚೌಕಟ್ಟಿನ ತುಂಬ ಇತ್ತಾದ್ದರಿಂದ ನಡುವಿನದು ಕಾಣದಿದ್ದರೂ ಅಡ್ಡಿಯಿರಲಿಲ್ಲ. ಅಳೆದ. ಎದ್ದ. ದೀಪ ಆರಿಸಲು ಹೇಳಿದರು. ಮೊಂಡಿ ಕೊನೆಯ ಸುತ್ತಿಗೆ ತಿರುಗಿದಳು.

ನನ್ನ ಕೈ ಅವನ ಭುಜದ ಮೇಲೆ. "ಬಲಕ್ಕೆ, ಬಲಕ್ಕೆ, ನಿಧಾನ, ಈಗ ಮೇಲೆ, ಹೊಡಿ," ಎಂದೆ. ಹೊಡೆದ. ವಿಮಾನದ ನೆರಳು ನಮ್ಮ ಮೇಲೆ ಹಾದುಹೋಯಿತು.

ಗ್ರೀಸಣ್ಣ ಪರದೆ ನೋಡಿ, "ಬಂತು!" ಎಂದ. "ಬಂತು ಯಜಮಾನ್ರೆ, ಭೇಷ್!"

ನಾನೂ ಬಗ್ಗಿ ನೋಡಿದೆ. ಆಕಾಶ ಪೂರ್ತಿ ಸುಟ್ಟು ಬೆಳ್ಳಗಾಗಿತ್ತು, ಆದರೆ ಹೊಟ್ಟೆ ಕಂಡಿತು. ತಗಡು ಕೂಡಿಸಿದ ಗೀರುಗಳು, ಎಣ್ಣೆ ಹರಿದ ಕಲೆ, ಚಕ್ರದ ನಟ್ಟುಗಳು, ಒಂದೊಂದೂ. ಗ್ರೀಸಣ್ಣ ಬೆರಳಿಂದ ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಆಮೇಲೆ ಅವನ ಬೆರಳು ನಿಂತಿತು.

"ಏನೋ?" ಎಂದ ಮೈದುನ. "ನೆಟ್ಟಗಿದೆಯಾ? ಹೇಳೋ."

"ಚಕ್ರದ ಬಾಗಿಲು ಅಡ್ಡ ಬಂದಿದೆ."

ಕಾಲಿಗೆ ಅಂಟಿಕೊಂಡ ಒಂದು ತಗಡಿನ ಮುಚ್ಚಳವಿರುತ್ತದೆ. ನಾವು ನಿಂತ ಕಡೆಯಿಂದ ನೋಡಿದರೆ ಅದು ಕೊಂಡಿಯ ಮುಂದೆ ಬರುತ್ತದೆ. ಅವಳು ಎದುರುಬದಿಯಿಂದ ಹಾದುಹೋಗಿದ್ದರೆ ಕೊಂಡಿ ಕಣ್ಣಿಗೆ ಬೀಳುತ್ತಿತ್ತು. ಬೆಳಕು ಬೆಳಕು ಎಂದು ಬಡಿದಾಡಿದ ನಮಗೆ ಯಾವ ಬದಿ ಎಂದು ಕೇಳಿಕೊಳ್ಳಲು ಹೊಳೆಯಲೇ ಇಲ್ಲ. ಆ ಕಾಲನ್ನು ಕೈಯಾರೆ ಜೋಡಿಸಿದ ಗ್ರೀಸಣ್ಣನಿಗೂ ಹೊಳೆಯಲಿಲ್ಲ. ಅವನು ತನ್ನ ಹಣೆಗೆ ತಾನೇ ಹೊಡೆದುಕೊಂಡ.

"ಇನ್ನೊಂದು ಸುತ್ತು," ಎಂದ ಮೈದುನ. "ಆ ಕಡೆಯಿಂದ. ಒಂದೇ ಒಂದು."

ಗ್ರೀಸಣ್ಣ ವಾಕಿಟಾಕಿಯನ್ನು ಬಾಯಿಗೆ ಹಿಡಿದ. ಅವನು ಕೇಳುವ ಮೊದಲೇ ಮೊಂಡಿ ಹೇಳಿದಳು, "ಆಗಲ್ಲ. ಮುಳ್ಳು ತಳ ಮುಟ್ಟಿದೆ. ಹೇಳಿ, ಕೊಂಡಿ ಹೇಗಿದೆ?"

"ಗೊತ್ತಾಗ್ತಿಲ್ಲಮ್ಮ," ಎಂದ ಗ್ರೀಸಣ್ಣ.

ಅವಳು, "ಸರಿ ಬಿಡಿ. ಇಳಿದಿರೋ ಕಾಲನ್ನ ಮತ್ತೆ ಮಡಚೋಕೆ ಹೋಗಿ ಅರ್ಧಕ್ಕೆ ಸಿಕ್ಕಿಕೊಂಡ್ರೆ ಇನ್ನೂ ಕಷ್ಟ. ಚಕ್ರದ ಮೇಲೇ ಇಳಿಸ್ತೀನಿ. ಅಪ್ಪಂಗೆ ಹೇಳಿ, ಇದನ್ನ ಫೋಟೋ ಹೊಡೀಬೇಡ ಅಂತ," ಎಂದಳು.

ಮೈದುನ ಕ್ಯಾಮೆರಾವನ್ನು ಹುಲ್ಲಿನ ಮೇಲೆ ಇಟ್ಟ. ವಿಮಾನ ದೂರದಲ್ಲಿ ತಿರುಗಿ ರನ್‌ವೇಯ ನೇರಕ್ಕೆ ಬಂತು. ಅವನು ಆ ಕಡೆ ಮುಖ ಮಾಡಿ ನಿಂತ. ನೆಟ್ಟಗೆ ನೋಡಿದಷ್ಟೂ ಅವಳು ಅವನಿಗೆ ಕಾಣೆಯಾಗುತ್ತಿದ್ದಳು. ಮುಖವನ್ನು ಓರೆ ಮಾಡಿದ, ಮತ್ತೆ ಓರೆ ಮಾಡಿದ. ಕೊನೆಗೆ ನನ್ನ ಮುಂಗೈ ಹಿಡಿದುಕೊಂಡ.

"ಹೇಳಿ ಅತ್ತಿಗೆ. ನಡೆದದ್ದು ನಡೆದ ಹಾಗೆ ಹೇಳಿ."

ಹೇಳಿದೆ. "ತಗ್ಗಿದ್ದಾಳೆ. ಒಂದು ರೆಕ್ಕೆ ಎತ್ತಿ ಹಿಡಿದಿದ್ದಾಳೆ. ಒಳ್ಳೆ ಚಕ್ರ ನೆಲ ಮುಟ್ಟಿತು. ಒಂದೇ ಚಕ್ರದ ಮೇಲೆ ಓಡ್ತಿದೆ. ಮುಂದಿನದೂ ಮುಟ್ಟಿತು. ರೆಕ್ಕೆ ಇನ್ನೂ ಎತ್ತಿದ್ದಾಳೆ, ಕೆಟ್ಟ ಚಕ್ರ ನೆಲದಿಂದ ಮೇಲೇ ಇದೆ. ವೇಗ ಕಮ್ಮಿಯಾಗ್ತಿದೆ. ರೆಕ್ಕೆ ಇಳೀತಿದೆ ಕಣೋ. ಇಳೀತು. ಮುಟ್ಟಿತು." ಉಸಿರು ಬಿಟ್ಟೆ. "ಇನ್ನೂ ಓಡ್ತಿದೆ. ಕಾಲು ನಿಂತಿದೆ ಕಣೋ!"

ಅವನು ನನ್ನ ಕೈ ಬಿಟ್ಟು ಮುಖ ಮುಚ್ಚಿಕೊಂಡ. ಆಗ ಕಾಲು ಮುರಿಯಿತು.

ರೆಕ್ಕೆಯ ತುದಿ ನೆಲಕ್ಕೆ ಬಡಿಯಿತು, ವಿಮಾನ ಬುಗುರಿಯಂತೆ ತಿರುಗಿತು, ಹುಲ್ಲು ದಾಟಿ ನೀರಿನ ಕಾಲುವೆಯ ಅಂಚಿಗೆ ಹೋಗಿ ಕುಕ್ಕರಿಸಿತು. ಆ ಸದ್ದನ್ನು ನಾನು ಹೇಳಲಾರೆ. ಮೈದುನ "ಏನದು, ಏನದು ಅತ್ತಿಗೆ?" ಎಂದು ಕೇಳುತ್ತಲೇ ಇದ್ದ. ಅವನು ಓಡಿದ. ಸದ್ದು ಬಂದ ಕಡೆ ಓಡಬೇಕೆಂದು ಬೇಲಿಗೇ ಹೋಗಿ ಸಿಕ್ಕಿಕೊಂಡ. ಅವನ ಅಂಗಿ ಬಿಡಿಸಿ ಕೈ ಹಿಡಿದು ನಾನು ಕರೆದುಕೊಂಡು ಹೋಗುವಷ್ಟರಲ್ಲಿ ಬೆಂಕಿ ಆರಿಸುವ ಗಾಡಿ ನೊರೆ ಚೆಲ್ಲಿ ಮುಗಿಸಿತ್ತು. ಗ್ರೀಸಣ್ಣ ಮತ್ತು ಇನ್ನಿಬ್ಬರು ಅವಳನ್ನು ಹೊರಗೆ ಎತ್ತುತ್ತಿದ್ದರು. ಉಸಿರಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋಗಿ, ನೋವಿಗೆ ಹಲ್ಲು ಕಚ್ಚಿದಳು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಉದ್ದನೆಯ ಬೆಂಚು. ಭುಜದ ಮೂಳೆ, ಸೊಂಟದ ಮೂಳೆ ಎಂದರು ಡಾಕ್ಟರು. ಜೀವಕ್ಕೆ ಏನಿಲ್ಲ ಎಂದರು. ನಡೆಯುತ್ತಾಳಾ ಎಂದು ಕೇಳಿದೆ. ನೋಡೋಣ ಎಂದರು. ಹಾರುತ್ತಾಳಾ ಎಂದು ಮೈದುನ ಕೇಳಲಿಲ್ಲ.

ಸಂಜೆಯ ಹೊತ್ತಿಗೆ ಗ್ರೀಸಣ್ಣ ಬಂದು ನಮ್ಮ ಪಕ್ಕ ಕೂತ. ತನ್ನ ಉಗುರನ್ನೇ ನೋಡುತ್ತ ಹೇಳಿದ.

"ಬಿಚ್ಚಿ ನೋಡಿದ್ವಿ ಯಜಮಾನ್ರೆ. ಕೊಂಡಿ ನೆಟ್ಟಗೇ ಇತ್ತು. ಅದರೊಳಗಿನ ಪಿನ್ನು, ಅದು ಒಳಗೊಳಗೇ ಬಿರುಕು ಬಿಟ್ಟಿದೆ, ಅದಕ್ಕೇ ದೀಪ ಹತ್ತಿಲ್ಲ. ಬರಿಗಣ್ಣಿಗೆ ಕಾಣೋದಲ್ಲ. ನಾನು ಜೋಡಿಸುವಾಗ ಕೈಯಲ್ಲೇ ಹಿಡಿದಿದ್ದೆ ಅದನ್ನ. ನನಗೂ ಕಾಣಲಿಲ್ಲ."

"ಅಂದ್ರೆ, ಆ ಬದಿಯಿಂದ ಹೊಡೆದಿದ್ರೆ?"

"ಕೊಂಡಿ ನೆಟ್ಟಗಿದೆ, ಚಕ್ರದ ಮೇಲೆ ಇಳಿಸು ಅಂತಾನೇ ಹೇಳ್ತಿದ್ದೆ."

"ನಾನು ಯಾವ ಮೀಟರ್ ಇಟ್ಟಿದ್ರೂ?"

"ಯಾವುದಿಟ್ಟಿದ್ರೂ ಅಷ್ಟೇ."

ಗ್ರೀಸಣ್ಣ ಸಮಾಧಾನಕ್ಕೆಂದು ಹೇಳಿದ್ದು. ಮೈದುನ ತಲೆಯಾಡಿಸಿದ. ಅದನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ತಪ್ಪು ಮಾಡಿದ್ದರೆ ಎದೆ ಬಡಿದುಕೊಂಡು ಅಳಬಹುದಿತ್ತು.

ನರ್ಸು ಬಾಗಿಲಲ್ಲಿ ನಿಂತು, ಎಚ್ಚರವಾಗಿದೆ, ಒಬ್ಬರು ಬನ್ನಿ ಎಂದಳು.

"ನೀವು ಹೋಗಿ ಅತ್ತಿಗೆ."

"ಹೆತ್ತಪ್ಪ ನೀನು. ಹೋಗು."

ಗೋಡೆ ಸವರಿಕೊಂಡು ಹೋದ. ಬಾಗಿಲು ಅರ್ಧ ತೆರೆದೇ ಇತ್ತು. ಮೊಂಡಿಯ ದನಿ ಔಷಧಿಯ ಅಮಲಿನಲ್ಲಿ ಎಳೆಎಳೆಯಾಗಿ ಕೇಳುತ್ತಿತ್ತು.

"ಅಷ್ಟು ಸಲ ಸುತ್ತು ಹಾಕಿಸಿದೆಯಲ್ಲಪ್ಪ, ಒಂದಾದ್ರೂ ಚೆನ್ನಾಗಿ ಬಂತಾ?"

ನಾನು ಬೆಂಚಿನ ಅಂಚು ಹಿಡಿದು ಕೂತಿದ್ದೆ.

"ಬಂತು," ಎಂದ ಕೊನೆಗೆ. "ಕೊನೇದು ಬಂತು. ಹೊಟ್ಟೆ ಪೂರ್ತಿ ಕಾಣುತ್ತೆ."

"ತೋರಿಸು ಮತ್ತೆ."

ಕ್ಯಾಮೆರಾ ಅಲ್ಲೇ ಹುಲ್ಲಿನ ಮೇಲೆ ಉಳಿದಿತ್ತು. ತರಬೇಕೆಂದು ನಮ್ಮಲ್ಲಿ ಯಾರಿಗೂ ನೆನಪಾಗಿರಲಿಲ್ಲ. ಅದನ್ನೂ ಹೇಳಲಾರದೆ ಅವನು ಅವಳ ಹಾಸಿಗೆಯ ಪಕ್ಕ ನಿಂತೇ ಇದ್ದ.